1957ರ ಷೆವ್ರೊಲೆ ಬೆಲ್ ಏರ್: ಟಾಪ್ ಅರ್ಧಕ್ಕೆ ನಿಲ್ಲುತ್ತಿದೆ, ಎಡಬದಿ ಹಿಂದುಳಿಯುತ್ತಿದೆ

ಪ್ರಶ್ನೆ:
ನಮಸ್ಕಾರ. ನಾನು ಒಹಾಯೊದಲ್ಲಿದ್ದೇನೆ. ಚಳಿಗಾಲ ಕಳೆದ ಮೇಲೆ ನನ್ನ ಬೆಲ್ ಏರ್ ಕನ್ವರ್ಟಿಬಲ್ ಕಾರನ್ನು ಹೊರತೆಗೆದು ಸ್ವಿಚ್ ಒತ್ತಿದರೆ ಟಾಪ್ (ಮಡಚುವ ಮೇಲ್ಛಾವಣಿ) ಅರ್ಧ ಏರಿ ನಿಂತುಬಿಡುತ್ತದೆ. ಮೋಟಾರ್ ಗುಂಯ್ ಎನ್ನುತ್ತಲೇ ಇರುತ್ತದೆ. ಆಯಿಲ್ ಒತ್ತಡದಿಂದ ಟಾಪನ್ನು ಎತ್ತುವ ಎರಡು ಸಿಲಿಂಡರುಗಳಲ್ಲಿ ಬಲಗಡೆಯದು ಏರುತ್ತದೆ, ಎಡಗಡೆಯದು ಒಂದು ಗೇಣು ಹಿಂದುಳಿದು ಚೌಕಟ್ಟು ಓರೆಯಾಗುತ್ತದೆ. ಹೋದ ವರ್ಷ ಒಂದು ವರ್ಕ್‌ಶಾಪಿನಲ್ಲಿ ಆಯಿಲ್ ಕಡಿಮೆಯಿದೆ ಎಂದು ಕೆಂಪು ಆಯಿಲ್ ತುಂಬಿಸಿದ್ದರು. ಹೊಸ ಪಂಪ್ ತರಿಸಬೇಕೇ?

ಉತ್ತರ:
ದಯವಿಟ್ಟು ಈಗಲೇ ಪಂಪ್ ಕೊಳ್ಳಬೇಡಿ, ಸ್ವಿಚ್ಚನ್ನೂ ಮತ್ತೆ ಒತ್ತಬೇಡಿ. ಒಂದೇ ಬದಿಯ ಒತ್ತಡಕ್ಕೆ ಸಿಕ್ಕಿದ ಚೌಕಟ್ಟು ಬಾಗಿದರೆ ಅದನ್ನು ಸರಿಪಡಿಸುವುದು ಪಂಪ್ ಬದಲಿಸುವುದಕ್ಕಿಂತ ಬಹಳ ಕಷ್ಟ. ನನ್ನ ಅನುಮಾನವಿರುವುದು ಆ ಕೆಂಪು ಆಯಿಲ್ ಮೇಲೆ. ನಿಮ್ಮ ಕಾರಿನ ಟಾಪ್ ವ್ಯವಸ್ಥೆಯನ್ನು ಬ್ರೇಕ್ ಆಯಿಲ್‌ಗೆಂದು ರೂಪಿಸಲಾಗಿತ್ತು. ಕೆಂಪಗಿರುವುದು ಆಟೊಮ್ಯಾಟಿಕ್ ಟ್ರಾನ್ಸ್‌ಮಿಷನ್ (ತಾನೇ ಗೇರ್ ಬದಲಿಸುವ ಗೇರ್‌ಬಾಕ್ಸ್) ಆಯಿಲ್ ಆಗಿದ್ದರೆ, ಆ ಪೆಟ್ರೋಲಿಯಂ ಎಣ್ಣೆ ತಗುಲಿದ ಸೋರಿಕೆ ತಡೆಯುವ ಹಳೆಯ ರಬ್ಬರ್ ಸೀಲುಗಳು ಉಬ್ಬಿ ಮೆತ್ತಗಾಗುತ್ತವೆ. ಮುಂದಿನ ದಶಕದ ಅನೇಕ ಕಾರುಗಳಲ್ಲಿ ಅದೇ ಆಯಿಲ್ ಬಳಕೆಯಲ್ಲಿದ್ದುದರಿಂದ ಈ ತಪ್ಪು ಮತ್ತೆ ಮತ್ತೆ ಆಗುತ್ತದೆ.

ಮೊದಲು ಎರಡೂ ಸಿಲಿಂಡರುಗಳ ಮೇಲ್ತುದಿಯನ್ನು ಚೌಕಟ್ಟಿನಿಂದ ಬಿಡಿಸಿ, ಇಬ್ಬರು ಒಂದೊಂದು ಬದಿ ಹಿಡಿದು ಟಾಪನ್ನು ಕೈಯಿಂದಲೇ ಎತ್ತಿ ನೋಡಿ. ಎಲ್ಲಿಯಾದರೂ ಬಿಗಿದರೆ ದೋಷ ಕೀಲುಗಳಲ್ಲಿದೆ. ಜೊತೆಗೆ, ಸಿಲಿಂಡರುಗಳು ಬಿಡಿಸಿಯೇ ಇರುವಾಗ, ಮೋಟಾರ್ ಓಡಿಸಿ ಅದರ ತಂತಿಯಲ್ಲಿ ಎಷ್ಟು ವೋಲ್ಟ್ ಉಳಿಯುತ್ತದೆಂದು ಅಳೆಯಿರಿ. 12 ವೋಲ್ಟಿನಿಂದ ತೀರಾ ಕೆಳಗಿಳಿದರೆ ಅರ್ತ್ ಜೋಡಣೆಯನ್ನು ಉಜ್ಜಿ ಬಿಗಿಗೊಳಿಸಿ.

ಪ್ರಶ್ನೆ ಕೇಳಿದವರು:
ಚೌಕಟ್ಟು ಸಲೀಸಾಗಿ ಏರಿತು, ವೋಲ್ಟೇಜ್ ಸರಿಯಿದೆ. ಆದರೆ ಎಡ ಸಿಲಿಂಡರಿನ ಕತ್ತಿನ ಸುತ್ತ ಜಿನುಗು ಇದೆ. ಬಿಳಿ ಬಟ್ಟೆಯಲ್ಲಿ ಒರೆಸಿದರೆ ಕಂದುಗೆಂಪು ಲೋಳೆಯಂಥದ್ದು ಅಂಟಿಕೊಂಡಿತು. ಕೆಳಗಿನ ಬಣ್ಣ ಹಪ್ಪಳದಂತೆ ಎದ್ದಿದೆ.

ಉತ್ತರ:
ಬಣ್ಣ ಎದ್ದಿರುವುದು ಬ್ರೇಕ್ ಆಯಿಲ್‌ನಿಂದ, ಲೋಳೆ ಬ್ರೇಕ್ ಆಯಿಲ್ ಮತ್ತು ಕೆಂಪು ಆಯಿಲ್ ಎರಡೂ ಬೆರೆತದ್ದರಿಂದ. ಹೀಗಾದ ಮೇಲೆ ಆಯಿಲ್ ಮಾತ್ರ ಬದಲಿಸಿದರೆ ಪ್ರಯೋಜನವಿಲ್ಲ. ಎರಡೂ ಸಿಲಿಂಡರುಗಳನ್ನು ಜೋಡಿಯಾಗಿಯೇ ಬದಲಿಸಿ, ಇಲ್ಲವಾದರೆ ಹೊಸದು ಮತ್ತು ಹಳೆಯದರ ವೇಗ ಹೊಂದುವುದಿಲ್ಲ. ಹೋಸುಗಳನ್ನೂ (ಆಯಿಲ್ ಹರಿಯುವ ಕೊಳವೆಗಳು) ಹೊಸದಾಗಿ ಹಾಕಿ. ಪಂಪ್ ಬಿಚ್ಚಿ ತೊಳೆದು ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ) ಬದಲಿಸಿದರೆ ಮೋಟಾರ್ ಬಹುಶಃ ಉಳಿಯುತ್ತದೆ. ಯಾವ ಆಯಿಲ್ ಎಂಬುದನ್ನು ಹೊಸ ಸಿಲಿಂಡರ್ ಮಾರುವವರಿಂದಲೇ ಖಚಿತಪಡಿಸಿಕೊಳ್ಳಿ, ಏಕೆಂದರೆ ಈಗಿನ ಸೀಲುಗಳು ಬೇರೆ ರಬ್ಬರಿನವೂ ಇರಬಹುದು.

ಆಯಿಲ್ ತುಂಬುವಾಗ ಸೀಟಿನ ಹಿಂದೆ ದಪ್ಪ ಬಟ್ಟೆ ಹಾಸಿ. ಎಂಜಿನ್ ಚಾಲೂ ಇಟ್ಟುಕೊಂಡು, ವಿಂಡ್‌ಶೀಲ್ಡ್ ಮೇಲಿನ ಕೊಂಡಿಗಳನ್ನು ಬಿಚ್ಚಿ, ಟಾಪನ್ನು ನಾಲ್ಕಾರು ಸಲ ಪೂರ್ತಿ ಏರಿಸಿ ಇಳಿಸಿ. ತುದಿ ಮುಟ್ಟಿದ ತಕ್ಷಣ ಸ್ವಿಚ್ ಬಿಡಬೇಕು, ನಡುನಡುವೆ ಮೋಟಾರ್ ತಣಿಯಬೇಕು. ಟ್ಯಾಂಕಿನ ನೊರೆ ನಿಂತು, ಮೋಟಾರಿನ ದನಿ ಮೊದಲಿನಿಂದ ಕೊನೆಯವರೆಗೆ ಒಂದೇ ಸಮನಾದರೆ ಆಯಿಲ್‌ನೊಳಗೆ ಸಿಕ್ಕಿದ್ದ ಗಾಳಿ ಹೋಗಿದೆ ಎಂದರ್ಥ. ಆಮೇಲೆ ಮಟ್ಟ ನೋಡಿ ಮುಚ್ಚಳ ಬಿಗಿಯಿರಿ.