ಅಪ್ಪನನ್ನು ಅಲಾಸ್ಕಾದಲ್ಲಿ ಹಲಿಬಟ್ ಗಾಳಕ್ಕೆ ಕರೆದೊಯ್ಯಬೇಕು: ಯಾವ ಬೋಟು, ಯಾವ ದಿನ?

ತದಡಿಯ ಮಗಳು ಕೇಳಿದ್ದು:

ನಮ್ಮ ಅಪ್ಪ ತದಡಿ ಬಂದರಿನಲ್ಲಿ ಪರ್ಸಿನ್ ಬೋಟಿನ (ದೊಡ್ಡ ಸುತ್ತುಬಲೆ ಹಾಕುವ ಬೋಟು) ತಾಂಡೇಲರಾಗಿದ್ದವರು, ಅಂದರೆ ಬೋಟು ನಡೆಸುವ ಮುಖ್ಯಸ್ಥರು. ವಯಸ್ಸು ಅರವತ್ತು ದಾಟಿದ ಮೇಲೆ ಬೋಟಿಗೆ ಹೋಗುವುದನ್ನು ಬಿಟ್ಟಿದ್ದಾರೆ. ಆದರೂ ಬೆಳಗ್ಗೆ ಎದ್ದು ಅಘನಾಶಿನಿಯ ಅಳಿವೆಯವರೆಗೆ ಹೋಗಿ ನೀರು ನೋಡಿ ಬಂದ ಮೇಲೆಯೇ ಅವರಿಗೆ ಚಹಾ. ಅಣ್ಣ ಆಂಕರೇಜ್‌ನಲ್ಲಿ ಕೆಲಸದಲ್ಲಿದ್ದಾನೆ. ಜೂನ್ ಕೊನೆಗೆ ಅಪ್ಪ, ಅಮ್ಮ ಮತ್ತು ನಾನು ಅವನಲ್ಲಿಗೆ ಹೊರಟಿದ್ದೇವೆ. ಆಗ ಇಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ಕಾಲ. ಆ ಎರಡು ತಿಂಗಳು ಬಲೆ ಹೆಣೆಯುತ್ತಾ ಕೂರುವುದು ಅಪ್ಪನ ಪದ್ಧತಿ.

ಅಣ್ಣ ಫೋನಿನಲ್ಲಿ ಹಲಿಬಟ್ ಎಂಬ ದೊಡ್ಡ ಚಪ್ಪಟೆ ಮೀನಿನ ಫೋಟೋ ತೋರಿಸಿದ. ಊರು, ಹಿಮ, ಕರಡಿ ಯಾವುದನ್ನೂ ಕೇಳದ ಅಪ್ಪ, ‘ಎಷ್ಟು ಮಾರು ನೀರಿನಲ್ಲಿ ಇರುತ್ತದೆ? ಸೆಳೆತ ಹೇಗೆ? ಗಾಳಕ್ಕೆ ಏನು ಕಟ್ಟುತ್ತಾರೆ?’ ಎಂದು ಕೇಳಿದರು. ಅಣ್ಣನಿಗೆ ಒಂದಕ್ಕೂ ಉತ್ತರ ತಿಳಿದಿರಲಿಲ್ಲ.

ಅಪ್ಪನನ್ನು ಮಾರ್ಗದರ್ಶಕರಿರುವ ಚಾರ್ಟರ್ ಬೋಟಿನಲ್ಲಿ (ಹಣ ಪಡೆದು ಗಾಳ ಹಾಕಲು ಕರೆದೊಯ್ಯುವ ಬೋಟು) ಕರೆದುಕೊಂಡು ಹೋಗಬೇಕೆಂದು ನನಗೆ ಬಹಳ ಆಸೆ. ಆರು ಜನರ ಬೋಟು ಒಳ್ಳೆಯದೋ, ಇಪ್ಪತ್ತು ಜನರದ್ದೋ? ಅರ್ಧ ದಿನ ಸಾಕೇ? ಹಿರಿಯರಿಗೆ ಲೈಸೆನ್ಸ್ ಬೇಕೇ? ಅಮ್ಮ ಜೊತೆಗೆ ಬರಬಹುದೇ? ಹೋಗಿ ಬಂದವರು ದಯವಿಟ್ಟು ತಿಳಿಸಿ.

ಆಂಕರೇಜಿನ ಕುಮಟಾದವ:

ತಂಗಿ, ಖಂಡಿತ ಕರೆದುಕೊಂಡು ಹೋಗು. ಬೇಸಿಗೆಯಲ್ಲಿ ನಾನು ನೆಂಟರನ್ನು ಕರೆದೊಯ್ಯುವುದು ಹೋಮರ್ ಎಂಬ ಊರಿಗೆ. ಆಂಕರೇಜ್‌ನಿಂದ ರಸ್ತೆಯಲ್ಲಿ ಸುಮಾರು 355 ಕಿ.ಮೀ., ಐದು ಗಂಟೆ ಹಿಡಿಯುತ್ತದೆ. ರಸ್ತೆ ಮುಗಿಯುವುದು ಸಮುದ್ರದೊಳಕ್ಕೆ ಏಳು ಕಿಲೋಮೀಟರ್ ಚಾಚಿಕೊಂಡ ಒಂದು ಮರಳು ದಿಬ್ಬದ ತುದಿಯಲ್ಲಿ. ಬಂದರು ಅಲ್ಲೇ. ಬೋಟು ಬೆಳಗ್ಗೆ ಬೇಗ ಬಿಡುವುದರಿಂದ ಹಿಂದಿನ ರಾತ್ರಿ ಹೋಮರ್‌ನಲ್ಲೇ ಉಳಿಯಬೇಕು. ದಾರಿಯಲ್ಲಿ ಡೀಪ್ ಕ್ರೀಕ್ ಎಂಬ ಜಾಗ ಸಿಗುತ್ತದೆ. ಅಲ್ಲಿ ಬಂದರಿಲ್ಲ. ದಂಡೆಯಿಂದಲೇ ಟ್ರ್ಯಾಕ್ಟರ್‌ನಲ್ಲಿ ಬೋಟುಗಳನ್ನು ನೀರಿಗೆ ದೂಡುತ್ತಾರೆ. ಅಪ್ಪನಿಗೆ ಅದನ್ನು ನಿಂತು ನೋಡಲು ಅರ್ಧ ಗಂಟೆ ಕೊಡು.

ಬೋಟು ಆರು ಜನರದ್ದೇ ಇರಲಿ. ದೊಡ್ಡ ಬೋಟಿನಲ್ಲಿ ಅಂಚಿಗೆ ಸಾಲಾಗಿ ನಿಂತವರ ದಾರಗಳು ಸೆಳೆತಕ್ಕೆ ಒಂದಕ್ಕೊಂದು ಸುತ್ತಿಕೊಳ್ಳುತ್ತವೆ, ಬಿಡಿಸುವುದರಲ್ಲೇ ಹೊತ್ತು ಹೋಗುತ್ತದೆ. ಚಿಕ್ಕ ಬೋಟಿನಲ್ಲಿ ಕ್ಯಾಪ್ಟನ್ ಪಕ್ಕದಲ್ಲೇ ಇರುತ್ತಾನೆ. ನಿನ್ನ ಅಪ್ಪನಂಥವರಿಗೆ ಅವನ ಸೌಂಡರ್ (ನೀರಿನ ಆಳ ತೋರಿಸುವ ಯಂತ್ರ) ಮತ್ತು ಲಂಗರು ಹಾಕುವ ಕ್ರಮ ನೋಡುವುದೇ ಅರ್ಧ ಸಂತೋಷ. ಕರಾವಳಿ ಕಾವಲು ಪಡೆ ಕೊಟ್ಟ ಪರವಾನಗಿ ಕ್ಯಾಪ್ಟನ್‌ಗೆ ಇದೆಯೇ ಎಂದು ಬುಕ್ ಮಾಡುವಾಗಲೇ ಕೇಳು, ಸಂಕೋಚ ಬೇಡ. ಇಡೀ ದಿನದ್ದನ್ನೇ ತೆಗೆದುಕೊ. ಒಳ್ಳೆಯ ಜಾಗ ತಲುಪಲು ಕೆಲವೊಮ್ಮೆ ಎರಡು ಗಂಟೆ ಬೇಕು. ಅರ್ಧ ದಿನ ಎಂದರೆ ಹೋಗಿ ಬರುವುದೇ ಆಗುತ್ತದೆ. ಒಬ್ಬರಿಗೆ 300 ಡಾಲರ್ ಮೇಲೆಯೇ ಬೀಳುತ್ತದೆ. ಗಾಳ ಕಟ್ಟಿಕೊಡುವ, ಮೀನು ಕೊಯ್ದುಕೊಡುವ ಹುಡುಗನಿಗೆ ಶೇ 15ರಿಂದ 20 ಟಿಪ್ಸ್ ಕೊಡುವುದು ಅಲ್ಲಿನ ವಾಡಿಕೆ. ಆ ಹುಡುಗರು ನಿಜವಾಗಿಯೂ ದುಡಿಯುತ್ತಾರೆ.

ಲೈಸೆನ್ಸ್ ಬೇಕೇ ಬೇಕು. ಹಿರಿಯರಿಗೆ ವಿನಾಯಿತಿ ಇರುವುದು ಅಲಾಸ್ಕಾದ ನಿವಾಸಿಗಳಿಗೆ ಮಾತ್ರ, ಹೊರಗಿನಿಂದ ಬಂದವರಿಗಿಲ್ಲ. ಒಂದು ದಿನದ್ದು ಆನ್‌ಲೈನ್‌ನಲ್ಲೇ ಸಿಗುತ್ತದೆ. ದಿನಕ್ಕೆ ಎಷ್ಟು ಮೀನು, ಎಷ್ಟು ಉದ್ದದ್ದು ಎಂಬ ನಿಯಮ ವರ್ಷವರ್ಷ ಬದಲಾಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ಹೋಮರ್ ಕಡೆಯ ಚಾರ್ಟರ್ ಬೋಟುಗಳು ಬುಧವಾರ ಹಲಿಬಟ್ ಇಟ್ಟುಕೊಳ್ಳುವಂತಿಲ್ಲ. ಬೇರೆ ಮೀನಿಗೆ ಹೋಗಬಹುದು.

ಇನ್ನು ಅಪ್ಪನ ಪ್ರಶ್ನೆಗಳು. ಸಾಮಾನ್ಯವಾಗಿ ಹದಿನೈದರಿಂದ ಐವತ್ತು ಮಾರು ನೀರು. ದಾರದ ತುದಿಗೆ ಕಿಲೋ, ಎರಡು ಕಿಲೋ ಸೀಸ. ಗಾಳ ಒಳಕ್ಕೆ ಬಾಗಿದ, ಹೆಚ್ಚುಕಡಿಮೆ ದುಂಡನೆಯದು. ಮುಖ್ಯ ಮಾತು ಇಲ್ಲಿದೆ: ಮೀನು ಕಚ್ಚಿತೆಂದು ನಮ್ಮವರು ಮಾಡುವಂತೆ ಕೈ ಜಗ್ಗಬಾರದು. ಜಗ್ಗಿದರೆ ಈ ಗಾಳ ಬಾಯಿಂದ ಹಾಗೆಯೇ ಜಾರಿ ಬರುತ್ತದೆ. ಕೋಲು ತಾನಾಗಿ ಬಾಗುವವರೆಗೆ ಬಿಟ್ಟು, ಆಮೇಲೆ ನಿಧಾನವಾಗಿ ಸುತ್ತಬೇಕು. ಆಗ ಗಾಳ ದವಡೆಯ ಮೂಲೆಗೆ ತಾನೇ ಸಿಕ್ಕಿಕೊಳ್ಳುತ್ತದೆ. ಇದನ್ನು ಅಪ್ಪನಿಗೆ ಊರಿನಲ್ಲೇ ಹೇಳಿಡು. ಎಷ್ಟೋ ವರ್ಷ ಗಾಳ ಹಿಡಿದ ಕೈಗೆ ಸುಮ್ಮನಿರುವುದು ಕಷ್ಟ.

ಕೆಳಗಿನಿಂದ ಮೇಲೆ ಬರುವಾಗ ನೆನೆದ ಚಾಪೆಯನ್ನು ಬಾವಿಯಿಂದ ಎಳೆದಂಥ ಭಾರ. ಬೆಳಕು ಕಂಡೊಡನೆ ತಿರುಗಿ ತಳಕ್ಕೆ ಹೊರಡುತ್ತದೆ. ಆಗ ದಾರ ಬಿಡಬೇಕು, ಮತ್ತೆ ಸುತ್ತಬೇಕು. ದೊಡ್ಡದಾಗಿದ್ದರೆ ಕ್ಯಾಪ್ಟನ್ ಹೇಳುವವರೆಗೆ ಅದರ ತಲೆಯನ್ನು ನೀರಿನಿಂದ ಮೇಲೆತ್ತಕೂಡದು. ಈಟಿ ಹಾಕಿಯೋ ಗುಂಡು ಹೊಡೆದೋ ಶಾಂತವಾದ ಮೇಲೆ ಒಳಗೆ ತರುತ್ತಾರೆ. ಜೀವವಿರುವ ದೊಡ್ಡ ಹಲಿಬಟ್ ಡೆಕ್ಕಿನ ಮೇಲೆ ಬಡಿದಾಡಿದರೆ ಮನುಷ್ಯರ ಕಾಲು ಮುರಿಯುತ್ತದೆ.

ಸೆಳೆತದ ವಿಷಯ: ಹೋಮರ್‌ನಲ್ಲಿ ದೊಡ್ಡ ಉಬ್ಬರದ ದಿನ ನೀರು 7–8 ಮೀಟರ್ ಏರಿ ಇಳಿಯುತ್ತದೆ. ನಮ್ಮ ತದಡಿಯಲ್ಲಿ ಎರಡು ಮೀಟರ್ ಆದರೇ ದೊಡ್ಡದು. ಅಂಥ ದಿನ ಎರಡು ಕಿಲೋ ಸೀಸವೂ ತಳದಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ಬೋಟಿಗಿಂತ ಮೊದಲು ದಿನ ಆರಿಸು. ನೀರು ಕಡಿಮೆ ಓಡುವ ದಿನ ಯಾವುದೆಂದು ಉಬ್ಬರದ ಪಟ್ಟಿ ನೋಡಿ ಆಮೇಲೆ ಫೋನ್ ಮಾಡು.

ಕೋಡಿಬಾಗದ ವಿದ್ಯಾರ್ಥಿ:

ಅಕ್ಕ, ನಾನು ಕಾರವಾರದಲ್ಲಿ ಕಡಲ ಜೀವಶಾಸ್ತ್ರ ಓದುತ್ತಿದ್ದೇನೆ. ತಾಂಡೇಲರು ಹಲಿಬಟ್ ಕಂಡೊಡನೆ ನಂಗು ಮೀನನ್ನು ನೆನೆಯುತ್ತಾರೆ, ಅದು ಸರಿಯೇ, ಎರಡೂ ಚಪ್ಪಟೆ ಮೀನುಗಳು. ಆದರೆ ನಮ್ಮ ನಂಗಿನ ಎರಡು ಕಣ್ಣೂ ಎಡಬದಿಯಲ್ಲಿ, ಹಲಿಬಟ್‌ಗೆ ಬಲಬದಿಯಲ್ಲಿ. ಮರಿಯಾಗಿದ್ದಾಗ ಅದು ಎಲ್ಲ ಮೀನಿನಂತೆ ನೆಟ್ಟಗೇ ಈಜುತ್ತದೆ. ಬೆಳೆಯುತ್ತಾ ಎಡಗಣ್ಣು ತಲೆಯ ಮೇಲಿನಿಂದ ಬಲಕ್ಕೆ ಸರಿದುಬರುತ್ತದೆ.

ನನ್ನದೊಂದು ಕೋರಿಕೆ. 45 ಕಿಲೋ ಮೀರಿದ ಹಲಿಬಟ್ ಹೆಚ್ಚುಕಡಿಮೆ ಎಲ್ಲವೂ ಹೆಣ್ಣು. ಹೆಣ್ಣು ಮೊಟ್ಟೆ ಇಡುವ ಹಂತಕ್ಕೆ ಬರಲು ಸುಮಾರು ಹನ್ನೆರಡು ವರ್ಷ ಬೇಕು. ಬಳಿಕ ವರ್ಷಕ್ಕೆ ಲಕ್ಷಗಟ್ಟಲೆ ಮೊಟ್ಟೆ. ಅಂಥದ್ದು ಸಿಕ್ಕರೆ ಬೋಟಿನ ಪಕ್ಕದಲ್ಲೇ ಫೋಟೋ ತೆಗೆದು ಬಿಟ್ಟುಬಿಡಲು ಹೇಳಿ, ತಿನ್ನಲು ಚಿಕ್ಕದೇ ರುಚಿ. 1996ರಲ್ಲಿ ಅಲಾಸ್ಕಾದ ಡಚ್ ಹಾರ್ಬರ್‌ನಲ್ಲಿ 208 ಕಿಲೋದ್ದು ಗಾಳಕ್ಕೆ ಸಿಕ್ಕಿದೆ, ಈಗಲೂ ಅಲ್ಲಿ ಇಂಥವು ಉಳಿದಿರುವುದಕ್ಕೆ ಕಾರಣವಿದೆ. 1923ರಲ್ಲೇ ಅಮೆರಿಕ ಮತ್ತು ಕೆನಡಾ ಒಪ್ಪಂದ ಮಾಡಿಕೊಂಡು ಈ ಒಂದು ಮೀನಿಗೆಂದೇ ಆಯೋಗ ಕಟ್ಟಿಕೊಂಡವು. ಎಷ್ಟು ಹಿಡಿಯಬಹುದೆಂದು ಈಗಲೂ ವರ್ಷವರ್ಷ ಲೆಕ್ಕ ಹಾಕುತ್ತಾರೆ. ನಮ್ಮ ತೀರದಲ್ಲಿ ಕಿರುಮೀನು ಬಾಚುವುದನ್ನು ಕಂಡಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಶಿರಸಿಯ ಅತ್ತಿಗೆ:

ನಾವು ಮೀನು ತಿನ್ನುವವರಲ್ಲ. ಮಗನ ಮನೆಗೆ ಹೋದಾಗ ಜೊತೆಗಿರಲೆಂದು ಆ ಬೋಟಿಗೆ ಹತ್ತಿದ್ದೆ, ಅಮ್ಮನ ವಿಷಯಕ್ಕಷ್ಟೇ ಬರೆಯುತ್ತೇನೆ. ಒಳಗೆ ಬಿಸಿ ಗಾಳಿ ಬರುವ ಕೋಣೆ ಮತ್ತು ಬಾಗಿಲಿರುವ ಶೌಚಾಲಯ ಇರುವ ಬೋಟನ್ನೇ ಕೇಳಿ. ಚಿಕ್ಕ ಬೋಟುಗಳಲ್ಲಿ ಕೆಲವಕ್ಕೆ ಇರುವುದಿಲ್ಲ. ಎಂಟು ಗಂಟೆ ಹೆಂಗಸರು ಹೇಗೆ ಇರುವುದು? ಸೀರೆ ಬೇಡ, ಬೆಚ್ಚನೆಯ ಪ್ಯಾಂಟು, ಉಣ್ಣೆ ಕಾಲುಚೀಲ, ರಬ್ಬರ್ ಬೂಟು ಹಾಕಿಕೊಳ್ಳಲಿ. ಜುಲೈ ತಿಂಗಳಲ್ಲೂ ಗಾಳಿ ನಮ್ಮ ಜನವರಿಯ ಬೆಳಗಿಗಿಂತ ತಣ್ಣಗೆ. ವಾಂತಿಯ ಮಾತ್ರೆಯನ್ನು ಹೊರಡುವ ಮುಂಚೆಯೇ ನುಂಗಬೇಕು, ಹೊಟ್ಟೆ ತೊಳಸಿದ ಮೇಲೆ ನುಂಗಿ ಪ್ರಯೋಜನವಿಲ್ಲ. ಬಿಪಿ ಮಾತ್ರೆ ಇದ್ದರೆ ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಲಿ.

ತದಡಿಯ ಮಗಳು:

ಎಲ್ಲರಿಗೂ ಧನ್ಯವಾದ. ಎಲ್ಲವನ್ನೂ ಅಪ್ಪನಿಗೆ ಓದಿ ಹೇಳಿದೆ. ನೀರಿನ ಮಾತು ಬಂದೊಡನೆ ಎದ್ದು ಪಂಚಾಂಗ ತಂದರು. ‘ನೀರು ಸಾಯುವುದು ಅಷ್ಟಮಿಗೆ, ಹುಣ್ಣಿಮೆ ಅಮಾವಾಸ್ಯೆ ಬಿಟ್ಟು ಅಷ್ಟಮಿಯ ಹತ್ತಿರ ಹೋಗೋಣ, ಅಲ್ಲಿಗೂ ಇದೇ ಲೆಕ್ಕವೇ ಕೇಳು’ ಎಂದರು. ಕೈ ಜಗ್ಗಬಾರದು ಎಂಬುದನ್ನು ಮಾತ್ರ ಇನ್ನೂ ಒಪ್ಪಿಲ್ಲ. ಗಾಳಕ್ಕೆ ಏನು ಕಟ್ಟುತ್ತಾರೆಂದೂ ಕುಮಟಾದ ಅಣ್ಣ ಹೇಳಲಿಲ್ಲ, ಬಂಗುಡೆ ತುಂಡು ನಡೆಯುತ್ತದೆಯೇ ಎಂದು ಕೇಳುತ್ತಿದ್ದಾರೆ.

ಆಂಕರೇಜಿನ ಕುಮಟಾದವ:

ತಾಂಡೇಲರ ಲೆಕ್ಕ ಸರಿ. ಚಂದ್ರ ಒಬ್ಬನೇ, ಅಷ್ಟಮಿ ಇಲ್ಲಿಗೂ ಅಷ್ಟಮಿಯೇ. ನೀರು ತೀರಾ ಕಡಿಮೆಯಾಗುವುದು ಅದರ ಮರುದಿನವೋ ಮೂರನೆಯ ದಿನವೋ. ನವಮಿ, ದಶಮಿ ನೋಡಲಿ, ಬುಧವಾರ ಬಿದ್ದರೆ ಬಿಡಲಿ, ಹೋಮರ್‌ನ ಉಬ್ಬರದ ಪಟ್ಟಿಗೆ ಒಮ್ಮೆ ತಾಳೆ ಹಾಕಲಿ. ಏರು ನಿಂತು ಇಳಿತ ಶುರುವಾಗುವ ಮುಂಚಿನ ಹೊತ್ತಿಗೆ ದಾರ ನೀರಿನಲ್ಲಿರಬೇಕು, ಅದನ್ನು ಅವರಿಗೆ ನಾನು ಹೇಳಬೇಕಾಗಿಲ್ಲ.

ಗಾಳಕ್ಕೆ ಹೆರಿಂಗ್ ಕಟ್ಟುತ್ತಾರೆ, ನಮ್ಮ ತಾರ್ಲೆಯನ್ನು ಹೋಲುವ ಎಣ್ಣೆ ಮೀನು. ಜೊತೆಗೆ ಆಕ್ಟೋಪಸ್ ತುಂಡು, ಸಾಲ್ಮನ್ ತಲೆ. ಎಣ್ಣೆಯ ವಾಸನೆ ಸೆಳೆತದಲ್ಲಿ ದೂರ ಹೋಗುತ್ತದೆ, ಮೀನು ಅದನ್ನು ಹಿಡಿದು ಬರುತ್ತದೆ. ಆಕ್ಟೋಪಸ್ ಗಟ್ಟಿ, ಸಣ್ಣ ಮೀನುಗಳು ಕಿತ್ತು ತಿನ್ನಲಾರವು. ಬಂಗುಡೆ ಬೇಡ, ಎಲ್ಲವೂ ಬೋಟಿನಲ್ಲೇ ಸಿಗುತ್ತದೆ. ಊರಿನಿಂದ ತರುವುದಾದರೆ ಮೀನು ಸಾರಿಗೆ ಜುಮ್ಮನಕಾಯಿ ಮತ್ತು ಒಣ ಮುರುಗಲು ತರಲಿ. ಹಲಿಬಟ್‌ನಲ್ಲಿ ಕೊಬ್ಬು ಕಡಿಮೆ, ಹೆಚ್ಚು ಬೇಯಿಸಿದರೆ ಹತ್ತಿಯಂತಾಗುತ್ತದೆ. ಮಸಾಲೆ ಕುದಿದ ಮೇಲೆ ಕೊನೆಗೆ ತುಂಡು ಬಿಟ್ಟು ಒಲೆ ಆರಿಸಬೇಕೆಂದು ಅಮ್ಮನಿಗೆ ಹೇಳು.