ಬೆಸುಗೆ ಹಾಕೋ ಲೆಡ್ ಬೋರ್ಡಿಗೆ ಹಿಡೀತಾನೇ ಇಲ್ಲ, ಅನುಭವ ಇರೋರು ಹೇಳಿ

ನಮಸ್ಕಾರ. ಮಗಳಿಗೆ ಅಂತ ಒಂದು ಎಫ್‌ಎಂ ರೇಡಿಯೋ ಕಿಟ್ ತಂದಿದೀನಿ, ಜೊತೆಗೆ 25 ವ್ಯಾಟಿನ ಸಾದಾ ಸೋಲ್ಡರಿಂಗ್ ಐರನ್. ಎರಡು ದಿನದಿಂದ ಕೂತಿದೀವಿ, ಲೆಡ್ ಕರಗುತ್ತೆ ಆದ್ರೆ ಗೋಲಿ ಥರ ಉಂಡೆಯಾಗಿ ಉರುಳಿ ಹೋಗುತ್ತೆ. ಐರನ್ ತುದಿಯ ಬಿಟ್ ಪೂರ್ತಿ ಕಪ್ಪಾಗಿದೆ. ದುಬಾರಿ ಐರನ್ನೇ ತಗೋಬೇಕಾ?

—

ಬೇಡ ಸರ್, ಅದೇ ಐರನ್ ಸಾಕು. ಆ ಕಪ್ಪೇ ಎಲ್ಲಾ ಕಷ್ಟಕ್ಕೂ ಮೂಲ, ಅದಿದ್ರೆ ಒಳಗೆ ಎಷ್ಟೇ ಕಾದಿದ್ರೂ ಬಿಸಿ ಈಚೆ ದಾಟಲ್ಲ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕೋದು ನೋಡಿರ್ತೀರಲ್ಲ, ಕಾಯಿಸಿ ನವಸಾಗರ ಹಾಕಿ ಉಜ್ಜಿ ತವರ ಬಳೀತಾರೆ, ಬಿಟ್ಟಿಗೂ ಅದೇ ಆಗ್ಬೇಕು. ಬೆಳ್ಳಿ ಬಣ್ಣದ ಕೋಟಿಂಗ್ ಇರೋ ಬಿಟ್ ಆದ್ರೆ ಅರ ಮುಟ್ಟಿಸಲೇಬೇಡಿ, ಒಳಗಿನ ತಾಮ್ರ ಬಯಲಾದ್ರೆ ಲೆಡ್ಡೇ ಅದನ್ನ ತಿಂದು ಗುಂಡಿ ಮಾಡುತ್ತೆ (ಬರೀ ತಾಮ್ರದ ಬಿಟ್ ಆದ್ರೆ ಅರ ಹಾಕ್ಬಹುದು). ಬಿಸಿ ಇರುವಾಗ ಹಿತ್ತಾಳೆ ನಾರಿನ ಉಂಡೇಲಿ ಚುಚ್ಚಿ ತೆಗೆದು, ಫ್ಲಕ್ಸಲ್ಲಿ (ಲೆಡ್ ಚೆನ್ನಾಗಿ ಹಿಡಿಯೋಕೆ ಹಚ್ಚೋ ಪೇಸ್ಟ್) ಅದ್ದಿ, ತಕ್ಷಣ ಲೆಡ್ ಮುಟ್ಟಿಸಿ, ನಾಲ್ಕೈದು ಸಲ ಹೀಗೆ ಮಾಡಿದ್ರೆ ತುದಿ ಹೊಳೆಯೋಕೆ ಶುರುವಾಗುತ್ತೆ. ಆಫ್ ಮಾಡೋ ಮುಂಚೆ ಹೊಸ ಲೆಡ್ ಬಳಿದು ಹಾಗೇ ಬಿಡಿ, ಒರೆಸ್ಬೇಡಿ.

ಇನ್ನೊಂದು, ಉಂಡೆಯಾಗ್ತಿದೆ ಅಂದ್ರೆ ನೀವು ಬಿಟ್ ಮೇಲೆ ಲೆಡ್ ಕರಗಿಸ್ಕೊಂಡು ತಂದು ಬೋರ್ಡಿಗೆ ಹಚ್ತಿದೀರಾ ಅನ್ಸುತ್ತೆ. ಕಾವಲಿ ಕಾಯೋ ಮುಂಚೆ ಹಿಟ್ಟು ಹುಯ್ದ ಹಾಗಾಯ್ತು ಅದು, ಜೊತೆಗೆ ಲೆಡ್ ಒಳಗಿರೋ ಫ್ಲಕ್ಸು ದಾರೀಲೇ ಸುಟ್ಟು ಹೋಗಿರುತ್ತೆ. ಬಿಟ್ ಒಂದೇ ಸಲಕ್ಕೆ ಪಾರ್ಟಿನ ಕಾಲಿಗೂ ಬೋರ್ಡಿನ ತಾಮ್ರಕ್ಕೂ ತಾಗೋ ಥರ ಹಿಡಿದು ಎರಡು ಸೆಕೆಂಡ್ ಕಾಯಿರಿ, ಆಮೇಲೆ ಆಚೆ ಕಡೆಯಿಂದ ಲೆಡ್ ಮುಟ್ಟಿಸಿ. ಬಿಸಿ ರೊಟ್ಟಿ ಮೇಲೆ ಬೆಣ್ಣೆ ಹರಿದ ಹಾಗೆ ತಾನೇ ಸುತ್ತ ಹರಿದುಕೊಳ್ಳುತ್ತೆ, ನೋಡೋಕೇ ಖುಷಿ. ಮೊದಲು ಲೆಡ್ ತೆಗೀರಿ, ಆಮೇಲೆ ಐರನ್. ಆರೋವರೆಗೂ ಅಲುಗಾಡಿಸ್ಬೇಡಿ, ಅಲುಗಿದ್ರೆ ಡ್ರೈ ಸೋಲ್ಡರ್ ಆಗುತ್ತೆ, ಅಂದ್ರೆ ಹಿಡಿದ ಹಾಗೆ ಕಂಡ್ರೂ ಸರಿಯಾಗಿ ಹಿಡಿದಿರಲ್ಲ.

—

ನಮ್ಮದು ಹಳ್ಳಿ, ನಮ್ ಕಡೆ ತೊಂದ್ರೆ ಬೇರೇನೇ ಇತ್ತು. ಸಂಜೆ ಹೊತ್ತು ಏನ್ ಮಾಡಿದ್ರೂ ಅಂಟ್ತಿರ್ಲಿಲ್ಲ, ಬೆಳಿಗ್ಗೆ ಅದೇ ಐರನ್ ಅದೇ ಲೆಡ್ ಚೆನ್ನಾಗಿ ಹಿಡೀತಿತ್ತು. ಮೀಟರ್ ಇಟ್ಟು ನೋಡಿದ್ರೆ ವೋಲ್ಟೇಜ್ 180. ಅಷ್ಟಕ್ಕಿಳಿದ್ರೆ 25 ವ್ಯಾಟ್ ಐರನ್ನು 15 ವ್ಯಾಟ್ ಅಷ್ಟೇ ಕಾಯೋದು. ಫ್ಯಾನೂ ಆಫ್ ಮಾಡಿ ಕೂತ್ಕೊಳ್ಳಿ, ಗಾಳಿಗೆ ಬಿಟ್ ತಣ್ಣಗಾಗುತ್ತೆ.

—

ನಾ ಹುಬ್ಬಳ್ಳಿ ಕಡೆಯಾಂವ, ಭಾಳ ವರ್ಷ ಆಂಪ್ಲಿಫೈಯರ್ ರಿಪೇರಿ ಮಾಡೇನ್ರಿ. ಪೇಸ್ಟ್ ಯಾವ್ದು ಅಂತ ನೋಡ್ರಿ ಮೊದಲ. ತಗಡಿನ ಕೆಲಸಕ್ಕ ಬಳಸೂ ಆಸಿಡ್ ಪೇಸ್ಟ್ ಬೋರ್ಡಿಗೆ ಹಚ್ಚಬ್ಯಾಡ್ರಿ. ಕಲಿಯೂ ಮುಂದ ಅದನ್ನ ಹಚ್ಚಿ ಒಂದ್ ಆಂಪ್ಲಿಫೈಯರ್ ಮಾಡಿ ಕೊಟ್ಟಿದ್ದೆ, ಲಗೂನ ಹಿಡೀತು, ಛಲೋ ಆತು ಅಂದ್ಕೊಂಡೆ, ಮಳಿಗಾಲ ಮುಗಿಯೂದ್ರಾಗ ವಾಪಸ್ ಬಂತು. ಬಿಚ್ಚಿ ನೋಡಿದ್ರ ಕಾಲಿನ ಸುತ್ತ ಹಸಿರು ಕಿಲುಬು, ಬೋರ್ಡಿನ ಮ್ಯಾಲಿನ ತಾಮ್ರದ ಟ್ರ್ಯಾಕ್ ತಿಂದು ಹಾಕಿತ್ತು. ರೋಸಿನ್, ಅಂದ್ರ ರಾಳದ್ದ ಫ್ಲಕ್ಸ್ ತಗೋರಿ. ಮತ್ತ ಹಳೇ ಪಾರ್ಟಿನ ಕಾಲು ಮಾಸಿದ್ರ ಬ್ಲೇಡಿಲೆ ಕೆರದು ಹಚ್ರಿ.

—

ಲೆಡ್ ರೀಲ್ ಮೇಲೆ ಏನು ಬರೆದಿದೆ ನೋಡಿ. 60/40 (60 ಪಾಲು ತವರ, 40 ಪಾಲು ಸೀಸ) ಆದ್ರೆ 190 ಡಿಗ್ರಿ ಒಳಗೇ ಕರಗುತ್ತೆ, ಸೀಸ ಇಲ್ಲದ್ದು ಆದ್ರೆ 217ರ ಮೇಲೆ ಬೇಕು, ಸಾದಾ ಐರನ್ನಲ್ಲಿ ಹೊಸಬರಿಗೆ ಕಷ್ಟ. ಬೆಂಗಳೂರಿನ ಎಸ್‌ಪಿ ರೋಡಲ್ಲಿ 60/40 ಅಂತ ಕೇಳಿದ್ರೆ ಕೊಡ್ತಾರೆ. ಆದ್ರೆ ಅದ್ರಲ್ಲಿ ಸೀಸ ಇದೆ, ಮಗು ಮುಟ್ಟಿದ ಮೇಲೆ ಸೋಪ್ ಹಾಕಿ ಕೈ ತೊಳೆಸಿಯೇ ತಿನ್ನೋಕೆ ಕೊಡಿ. ಹೊಗೆ ಫ್ಲಕ್ಸಿಂದು, ಅದನ್ನೂ ಉಸಿರಾಡಬಾರ್ದು, ಕಿಟಕಿ ತೆಗೆದಿಡಿ.

—

ಎಲ್ರಿಗೂ ತುಂಬಾ ಥ್ಯಾಂಕ್ಸ್. ಬಿಟ್ಟಿಗೆ ಕಲಾಯಿ ಆಯ್ತು, ಮಗಳೇ ಕೂತು ಪಾರ್ಟುಗಳ ಹನ್ನೊಂದು ಕಾಲಿಗೆ ಲೆಡ್ ಹಾಕಿದ್ಲು, ಎಲ್ಲಾ ಹೊಳೀತಿವೆ. ಅರ್ತ್ ಕಾಲು ಒಂದು ಮಾತ್ರ ಹಿಡೀತಿಲ್ಲ.

—

ಅಲ್ಲಿ ಅಗಲವಾದ ತಾಮ್ರ ಇರುತ್ತೆ ಸರ್, ಬಿಸಿ ಎಲ್ಲಾ ಎಳ್ಕೊಳ್ಳುತ್ತೆ. ಬಿಟ್ಟಿನ ತುದಿ ಅಲ್ಲ, ಪಕ್ಕೆ ಒತ್ತಿ ಹಿಡೀರಿ, ಐದಾರು ಸೆಕೆಂಡ್ ಕೊಡಿ. ಆಗ್ಲೂ ಆಗ್ಲಿಲ್ಲ ಅಂದ್ರೆ ಅದೊಂದಕ್ಕೆ ಯಾರ ಹತ್ರನಾದ್ರೂ 60 ವ್ಯಾಟಿಂದು ಇಸ್ಕೊಳ್ಳಿ.