ಗ್ಲೋ ಪ್ಲಗ್ ಮನೆಯಲ್ಲೇ ಬದಲಾಯಿಸಬಹುದಾ? ಮುರಿಯುತ್ತದೆ ಅಂತ ಭಯ

ಹಳೇಗಾಡಿ:
ನನ್ನದು ನಾಲ್ಕು ಸಿಲಿಂಡರ್‌ನ ಹಳೆಯ ಡೀಸೆಲ್ ಪಿಕಪ್ ಟ್ರಕ್, ಹೆಡ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳ) ಅಲ್ಯೂಮಿನಿಯಂನದು. ಚಳಿ ಶುರುವಾದಾಗಿನಿಂದ ಬೆಳಿಗ್ಗೆ ಸೆಲ್ಫ್ ಹೊಡೆದರೆ ಹತ್ತು ಹನ್ನೆರಡು ಸೆಕೆಂಡ್ ಸುಮ್ನೆ ತಿರುಗುತ್ತದೆ, ಆಮೇಲೆ ಕೆಮ್ಮಿಕೊಂಡು ಸ್ಟಾರ್ಟ್ ಆಗುತ್ತದೆ, ಹಿಂದೆ ಬಿಳಿ ಹೊಗೆ. ಎರಡು ನಿಮಿಷ ಗಡಗಡ ಅಲ್ಲಾಡಿ ಸರಿಹೋಗುತ್ತದೆ. ಮಧ್ಯಾಹ್ನ ಇಂಜಿನ್ ಬಿಸಿ ಇದ್ದಾಗ ಏನೂ ತೊಂದರೆ ಇಲ್ಲ. ಬ್ಯಾಟರಿ ಹೊಸದು. ಸ್ಟಾರ್ಟ್‌ಗೆ ಮೊದಲು ತಣ್ಣಗಿರುವ ಸಿಲಿಂಡರನ್ನು ಕಾಯಿಸುವ ಗ್ಲೋ ಪ್ಲಗ್ ಹೋಗಿರಬೇಕು ಅಂತ ನಾಲ್ಕರ ಸೆಟ್ ತಂದಿಟ್ಟಿದ್ದೇನೆ. ಆದರೆ ಕೈ ಹಾಕೋಕೆ ಧೈರ್ಯ ಬರುತ್ತಿಲ್ಲ. ತೆಗೆಯುವಾಗ ಮುರಿದರೆ ಹೆಡ್ಡೇ ಇಳಿಸಬೇಕು ಅಂತ ಎಲ್ಲರೂ ಹೆದರಿಸುತ್ತಾರೆ. ಆಯಿಲ್, ಫಿಲ್ಟರ್, ಬ್ರೇಕ್ ಪ್ಯಾಡ್ ಎಲ್ಲ ನಾನೇ ಬದಲಾಯಿಸಿದವನು. ಸಾಕೆಟ್ ಸೆಟ್, ಮಲ್ಟಿಮೀಟರ್ ಇವೆ. ಇದು ನನ್ನ ಕೈಲಿ ಆಗುವ ಕೆಲಸವಾ?

ಗೇರ್‌ನಾಲ್ಕು:
ಅಷ್ಟೆಲ್ಲ ಯಾಕೆ ಗುರು, ಏರ್ ಫಿಲ್ಟರ್ ಹತ್ತಿರ ಸ್ಟಾರ್ಟಿಂಗ್ ಸ್ಪ್ರೇ ಒಂದು ಸಲ ಹೊಡೆದು ಕೀ ತಿರುಗಿಸಿ. ಚಳಿಗಾಲ ಹಾಗೇ ಕಳೆದುಹೋಗುತ್ತದೆ.

ಮಸಿಕೈ:
ದಯವಿಟ್ಟು ಮೇಲಿನದನ್ನು ಮಾಡಬೇಡಿ. ಆ ಸ್ಪ್ರೇಯಲ್ಲಿ ಇರುವುದು ಈಥರ್. ಗ್ಲೋ ಪ್ಲಗ್‌ನ ತುದಿ 800 ಡಿಗ್ರಿ ದಾಟಿ ಕೆಂಪಗೆ ಕಾದಿರುತ್ತದೆ. ಈಥರ್ ಒಳಗೆ ಹೋದರೆ ಪಿಸ್ಟನ್ ಮೇಲೆ ಬರುವ ಮೊದಲೇ ಹತ್ತಿಕೊಂಡು ಪಿಸ್ಟನ್ನೋ ರಿಂಗೋ ಒಡೆಯಬಹುದು, ಇನ್‌ಟೇಕ್ ಸಿಡಿಯಲೂಬಹುದು.

ಹಳೇಗಾಡಿ ಅವರೇ, ಕೆಲಸ ಖಂಡಿತ ಆಗುತ್ತದೆ. ಆದರೆ ಸೆಟ್ ತಂದಾಗಿದೆ ಅಂತ ನೇರ ಬಿಚ್ಚಬೇಡಿ, ಮೊದಲು ಅಳೆಯಿರಿ. ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ನಾಲ್ಕೂ ಪ್ಲಗ್‌ಗಳ ತಲೆಯನ್ನು ಸೇರಿಸುವ ಲೋಹದ ಪಟ್ಟಿಯನ್ನೋ ವೈರನ್ನೋ ಬಿಚ್ಚಲೇಬೇಕು, ಇಲ್ಲದಿದ್ದರೆ ಮೀಟರ್ ನಾಲ್ಕನ್ನೂ ಒಟ್ಟಿಗೆ ಓದುತ್ತದೆ, ಸತ್ತಿರುವುದು ಯಾವುದು ಅಂತ ಗೊತ್ತೇ ಆಗುವುದಿಲ್ಲ. ಮೀಟರನ್ನು ಓಮ್‌ಗೆ ಇಟ್ಟು, ಎರಡೂ ಕಡ್ಡಿ ಒಂದಕ್ಕೊಂದು ತಾಗಿಸಿ ಎಷ್ಟು ಬರುತ್ತದೆ ನೋಡಿ, ಅಷ್ಟನ್ನು ಕಳೆಯಬೇಕು. ಆಮೇಲೆ ಒಂದು ಕಡ್ಡಿ ಪ್ಲಗ್ ತಲೆಗೆ, ಇನ್ನೊಂದು ಇಂಜಿನ್‌ನ ಬರಿ ಲೋಹಕ್ಕೆ. 1 ಓಮ್ ಆಸುಪಾಸು ಬಂದರೆ ಪ್ಲಗ್ ಬದುಕಿದೆ. ಏನೂ ಓದದೆ ಓಎಲ್ ಅಂತ ತೋರಿಸಿದರೆ ಒಳಗಿನ ತಂತಿ ಕಡಿದಿದೆ.

ಅದಾದ ಮೇಲೆ ಬ್ಯಾಟರಿ ಜೋಡಿಸಿ, ಇಂಜಿನ್ ತಣ್ಣಗಿರುವಾಗ ಯಾರಾದರೂ ಕೀ ಆನ್ ಮಾಡಲಿ, ಪಟ್ಟಿಗೆ ಕರೆಂಟ್ ಬರುತ್ತಿದೆಯಾ ನೋಡಿ. ಬರದಿದ್ದರೆ ತಪ್ಪು ರಿಲೇಯದ್ದೋ (ಪ್ಲಗ್‌ಗಳಿಗೆ ಕರೆಂಟ್ ಬಿಡುವ ಸ್ವಿಚ್) ಫ್ಯೂಸಿನದ್ದೋ ಆಗಿರಬಹುದು, ನಾಲ್ಕು ಪ್ಲಗ್ ಬದಲಾಯಿಸಿದರೂ ಬೆಳಿಗ್ಗೆ ಅದೇ ಕಥೆ.

ಪ್ಲಗ್ ಚೆನ್ನಾಗಿದೆಯಾ ಅಂತ ನೇರ ಬ್ಯಾಟರಿಗೆ ಕೊಟ್ಟು ನೋಡಬೇಡಿ. ಕೆಲವು ಹೊಸ ಪ್ಲಗ್‌ಗಳು 5 ವೋಲ್ಟ್ ಆಸುಪಾಸಿನವು, 12 ಕೊಟ್ಟರೆ ಅಲ್ಲೇ ಮುಗಿಯಿತು. ಮೈಮೇಲೆ ವೋಲ್ಟ್ ಬರೆದಿರುತ್ತದೆ, ಹಳೆಯದಕ್ಕೂ ಹೊಸದಕ್ಕೂ ತಾಳೆ ನೋಡಿ.

ಹಳೇಗಾಡಿ:
ಅಳೆದೆ. ಕಡ್ಡಿಯ 0.2 ಕಳೆದ ಮೇಲೆ ಒಂದನೆಯದು 0.9, ನಾಲ್ಕನೆಯದು 1.1. ಎರಡು ಮತ್ತು ಮೂರು ಓಎಲ್! ಪಟ್ಟಿಗೆ 11.6 ವೋಲ್ಟ್ ಬರುತ್ತಿದೆ. ಅಂದರೆ ಪ್ಲಗ್‌ಗಳೇ ಹೋಗಿರುವುದು, ಅಲ್ವಾ? ಈಗ ತೆಗೆಯುವುದು ಹೇಗೆ? ನಾಲ್ಕೂ ತೆಗೆಯಲಾ, ಎರಡೇ ಸಾಕಾ?

ತಿರುಪುಮೊಳೆ:
ಅಣ್ಣಾ, ನಾನು ಮುರಿದವನು, ನನ್ನ ಮಾತು ಕೇಳಿ. ತಣ್ಣಗಿರುವ ಇಂಜಿನ್, ಉದ್ದ ಹಿಡಿಯ ರ‍್ಯಾಚೆಟ್, ಸಂಜೆ ಕತ್ತಲಾಗುವ ಅವಸರ. ಟಕ್ ಅಂತ ಸದ್ದು ಬಂತು. ಸಡಿಲವಾಯಿತು ಅಂತ ಖುಷಿಪಟ್ಟೆ. ಸಾಕೆಟ್ ಎತ್ತಿ ನೋಡಿದರೆ ಪ್ಲಗ್‌ನ ತಲೆ ಮಾತ್ರ ಅದರೊಳಗೆ, ಮಿಕ್ಕ ಮೈಯೆಲ್ಲ ಹೆಡ್‌ನಲ್ಲಿ.

ಈಗ ನಾನು ಹೀಗೆ ಮಾಡುತ್ತೇನೆ. ಮೊದಲು ಪ್ಲಗ್ ಸುತ್ತಲಿನ ಗುಂಡಿಗೆ ಗಾಳಿ ಹೊಡೆದು ಮಣ್ಣು ಮರಳು ತೆಗೆಯುವುದು, ಇಲ್ಲದಿದ್ದರೆ ಪ್ಲಗ್ ಬಂದ ಕೂಡಲೇ ಅದೆಲ್ಲ ಸಿಲಿಂಡರಿಗೆ ಬೀಳುತ್ತದೆ. ತುಕ್ಕು ಬಿಡಿಸುವ ಎಣ್ಣೆ ಬುಡಕ್ಕೆ ಬಿಟ್ಟು ರಾತ್ರಿ ಹಾಗೇ ಬಿಡುವುದು, ಎರಡು ಮೂರು ರಾತ್ರಿ. ಆಮೇಲೆ ಗಾಡಿ ಓಡಿಸಿ ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಬಿಚ್ಚುವುದು, ಯಾಕೆಂದರೆ ಅಲ್ಯೂಮಿನಿಯಂ ಉಕ್ಕಿಗಿಂತ ಜಾಸ್ತಿ ಹಿಗ್ಗುತ್ತದೆ, ಹಿಡಿತ ಸ್ವಲ್ಪ ಸಡಿಲುತ್ತದೆ. ದಪ್ಪ ಗ್ಲೌಸ್ ಹಾಕಿಕೊಳ್ಳಿ.

ನಾವು ಇಟ್ಟಷ್ಟು ಬಲ ಮುಟ್ಟಿದ ಕೂಡಲೇ ಕ್ಲಿಕ್ ಅನ್ನುವ ಟಾರ್ಕ್ ರೆಂಚ್ ಬಿಚ್ಚುವುದಕ್ಕೂ ಬೇಕು! ಎಂ8 ಥ್ರೆಡ್ ಆದರೆ 20 ನ್ಯೂಟನ್ ಮೀಟರ್, ಎಂ10 ಆದರೆ 35, ಎಂ12 ಆದರೆ 45, ಅದರ ಮೇಲೆ ಬಲ ಹಾಕಿದರೆ ಪ್ಲಗ್ ಮುರಿಯುತ್ತದೆ. ಇದು ಥ್ರೆಡ್ ಅಳತೆ, ಸಾಕೆಟ್ ಅಳತೆ ಅಲ್ಲ. ಕೆಲವು ರೆಂಚ್‌ಗಳು ಬಿಗಿಸುವ ಕಡೆ ಮಾತ್ರ ಕ್ಲಿಕ್ ಅನ್ನುತ್ತವೆ, ನಿಮ್ಮದು ಎರಡೂ ಕಡೆ ಅನ್ನುತ್ತದಾ ನೋಡಿಕೊಳ್ಳಿ. ಕ್ಲಿಕ್ ಅಂದರೂ ಅಲ್ಲಾಡದಿದ್ದರೆ ಆ ದಿನಕ್ಕೆ ಸಾಕು. ಮತ್ತೆ ಎಣ್ಣೆ, ಮತ್ತೆ ಬಿಸಿ, ಮಾರನೇ ದಿನ. ಅಲ್ಲಾಡಿದ ಮೇಲೂ ಒಂದೇ ಸಮ ತಿರುಗಿಸಬೇಡಿ, ಸ್ವಲ್ಪ ಬಿಚ್ಚಿ ಸ್ವಲ್ಪ ಬಿಗಿಸಿ. ಕೀಚ್ ಅಂತ ಸದ್ದು ಬಂತೋ, ನಿಲ್ಲಿಸಿ ಇನ್ನೊಂದು ಹನಿ ಎಣ್ಣೆ.

ನಾಲ್ಕೂ ಬದಲಾಯಿಸಿ. ಒಂದೇ ದಿನ ಹಾಕಿದವು, ಮಿಕ್ಕೆರಡೂ ಹೆಚ್ಚು ದಿನ ಬಾಳುವುದಿಲ್ಲ.

ಮಸಿಕೈ:
ಇದೊಂದನ್ನು ಒಪ್ಪುವುದಿಲ್ಲ. ಸುಲಭವಾಗಿ ಬಂದರೆ ಬದಲಾಯಿಸಿ. ಕೆಲಸ ಮಾಡುತ್ತಿರುವ ಪ್ಲಗ್ ಬಿಗಿಯಾಗಿ ಕೂತಿದ್ದರೆ ನಾನಾದರೆ ಮುಟ್ಟುವುದಿಲ್ಲ.

ಡಬ್ಬಾಟೂಲ್:
ಥ್ರೆಡ್ ಪೂರ್ತಿ ಬಿಚ್ಚಿಕೊಂಡು ಪ್ಲಗ್ ಸುಮ್ನೆ ಸುತ್ತುತ್ತಾ ಇದೆ, ಆದರೆ ಮೇಲೆ ಬರುತ್ತಿಲ್ಲ ಅಂದರೆ ಎಳೆಯಬೇಡಿ. ಮಸಿ ಕಚ್ಚಿಕೊಂಡಿರುತ್ತದೆ, ಇಲ್ಲವೇ ತುದಿ ಊದಿಕೊಂಡಿರುತ್ತದೆ. ಊದಿದ್ದರೆ ರಿಲೇ ಅಂಟಿಕೊಂಡು ಜಾಸ್ತಿ ಹೊತ್ತು ಕರೆಂಟ್ ಹೋಗುತ್ತಿದೆಯಾ ಅಂತ ನೋಡಬೇಕು. ತುದಿ ಮುರಿದು ಒಳಗೆ ಬಿದ್ದಿದೆ ಅಂತ ಅನುಮಾನ ಬಂದರೂ ಸಾಕು, ಸೆಲ್ಫ್ ಹೊಡೆಯಲೇಬೇಡಿ. ಆಗ ಮೆಕ್ಯಾನಿಕ್ ಹತ್ತಿರ ಹೋಗುವುದೇ ಸರಿ.

ಹಳೇಗಾಡಿ:
ಆರು ದಿನದ ವರದಿ. ಥ್ರೆಡ್ ಎಂ10. ನಾಲ್ಕನೆಯದು ಮೊದಲ ದಿನವೇ ಬೆಣ್ಣೆಯ ಹಾಗೆ ಬಂತು. ಎರಡನೆಯದು ಮಾರನೇ ದಿನ. ಮೂರನೆಯದು ಮೂರು ಸಂಜೆ ತಿಂದಿತು. 35ಕ್ಕೆ ಕ್ಲಿಕ್, ಎಣ್ಣೆ, ಮನೆಗೆ. ಮತ್ತೆ ಕ್ಲಿಕ್, ಎಣ್ಣೆ, ಮನೆಗೆ. ಮೂರನೇ ಸಂಜೆ ಕೂದಲೆಳೆಯಷ್ಟು ಜರುಗಿದ್ದು ಹಿಡಿಯಲ್ಲಿ ಗೊತ್ತಾಯಿತು. ಅಲ್ಲಿಂದ ಮುಂದೆಮಾಡಿ ಹಿಂದೆಮಾಡಿ ಅರ್ಧ ಗಂಟೆ. ಹೊರಗೆ ಬಂದಾಗ ತುದಿಯ ಮೇಲೆ ಇದ್ದಿಲಿನಂಥ ಕರಿ, ಒರೆಸಿ ನೋಡಿದರೆ ಒಂದು ಮಗ್ಗುಲಲ್ಲಿ ಉದ್ದಕ್ಕೆ ಸೀಳು.

ಆ ತೂತಿನಲ್ಲೂ ಮಸಿ ಇತ್ತು. ತೂತು ಕೆರೆದು ಶುಚಿ ಮಾಡುವ ಅದೇ ಅಳತೆಯ ರೀಮರ್ ಎರವಲು ತಂದು, ಮಸಿ ಒಳಗೆ ಬೀಳದ ಹಾಗೆ ಅದರ ಸೀಳುಗಳಿಗೆ ಗ್ರೀಸ್ ಮೆತ್ತಿ ಕೈಯಲ್ಲೇ ತಿರುಗಿಸಿದೆ. ಹೊಸದನ್ನು ಬೆರಳಲ್ಲೇ ಕೊನೆತನಕ ತಿರುಗಿಸಿ, 15 ನ್ಯೂಟನ್ ಮೀಟರಿಗೆ ಬಿಗಿಸಿದೆ. ಎಷ್ಟು ಕಡಿಮೆ ಅನ್ನಿಸಿತು! ಮೇಲಿನ ಪುಟ್ಟ ನಟ್‌ಗೆ 2 ಸಾಕಂತೆ.

ಇವತ್ತು ಬೆಳಿಗ್ಗೆ ಡ್ಯಾಶ್‌ಬೋರ್ಡಿನ ಗ್ಲೋ ದೀಪ ಆರಿದ ಮೇಲೆ ಕೀ ತಿರುಗಿಸಿದೆ, ಎರಡನೇ ಸುತ್ತಿಗೇ ಸ್ಟಾರ್ಟ್. ಹೊಗೆ ಇಲ್ಲ. ಒಂದನೆಯದು ಮಾತ್ರ 35ಕ್ಕೂ ಜಪ್ಪಯ್ಯ ಅನ್ನಲಿಲ್ಲ. 0.9 ಓದುತ್ತಿದೆಯಲ್ಲ, ಬಿಟ್ಟಿದ್ದೇನೆ. ಹೊಸದೊಂದು ಡಬ್ಬಿಯಲ್ಲೇ ಇದೆ.

ತಿರುಪುಮೊಳೆ:
ಇರಲಿ ಬಿಡಿ. ಆವಾಗಾವಾಗ ಬುಡಕ್ಕೆ ಒಂದು ಹನಿ ಎಣ್ಣೆ ಬಿಡುತ್ತಿರಿ.